ಸ್ಟೋರಿನ ಬಸಲಿಂಗಪ್ಪನ ಕೊನೆಯ ಡಬ್ಬಿ

ಕೇತಕಿ ಬಂದಿದ್ದಾಳೆ ಎಂದು ಗೇಟಿನಲ್ಲಿ ಕೂಡುವ ಸಾತಪ್ಪ ಫೋನು ಮಾಡಿದರೆ ಸಾಕು, ಬಸಲಿಂಗಪ್ಪ ಎದ್ದು ಹೋಗಿ ಸಂಡಾಸಿನ ಚಿಲಕ ಹಾಕಿಕೊಂಡುಬಿಡುತ್ತಿದ್ದ. ನಿವೃತ್ತಿಯ ಅಂಚಿಗೆ ಬಂದ ಮನುಷ್ಯ. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಕೀಲಿಗೊಂಚಲು. ಬೆಳಗಾವಿಯ ಕ್ಯಾಂಪ್ ಭಾಗಕ್ಕೆ ಹೊಂದಿಕೊಂಡಂತಿದ್ದ ಆ ಆಸ್ಪತ್ರೆಯ ಸ್ಟೋರು ಇಷ್ಟು ವರ್ಷ ಅವನ ಕೈಯಲ್ಲೇ ಇತ್ತು. ದೊಡ್ಡ ದೊಡ್ಡ ಡಾಕ್ಟರುಗಳು ಕೂಗಾಡಿದಾಗ ರೆಪ್ಪೆ ಮಿಟುಕಿಸದವನು, ಖಾನಾಪುರದ ಒಬ್ಬ ಹೆಣ್ಣುಮಗಳಿಗೆ ಹೆದರಿ ಫಿನೈಲಿನ ವಾಸನೆಯಲ್ಲಿ ಕೂತಿರುತ್ತಿದ್ದ ಎಂದರೆ ನಗು ಬರುತ್ತದೆ. ನಗುವ ಮೊದಲು ಪೂರಾ ಕೇಳಿ.

ಕೇತಕಿ ಬೈಯಲು ಬರುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಚೀಲ ತುಂಬಿಕೊಂಡು ಬರುತ್ತಿದ್ದಳು. ಬೇಸಿಗೆಯಾದರೆ ಮುರುಗಲಿನ ಒಣ ಸಿಪ್ಪೆ, ಹಸಿ ಗೇರುಬೀಜ; ಸುಗ್ಗಿಯ ಮೇಲಾದರೆ ಹೊಸ ಭತ್ತದ ಅವಲಕ್ಕಿ. ಸ್ಟೋರಿನ ಕಿಂಡಿಯ ಮುಂದೆ ಚೀಲ ಇಟ್ಟು, ಅವರ ಕಡೆಯ ರೂಢಿಯಂತೆ ಅಣ್ಣನನ್ನು ಕರೆಯುವ ಹಾಗೆ, ಚಿಲಕದ ಹಿಂದೆ ಕೂತವನಿಗೂ ಕೇಳುವಂತೆ, ಕರೆಯುತ್ತಿದ್ದಳು.

"ದಾದಾ, ನಮ್ಮ ಸಮೃದ್ಧಿ ಸಲುವಾಗಿ ನೀವು ಎಷ್ಟ ಓಡ್ಯಾಡಿದ್ರಿ. ಬ್ಯಾರೇದವರು ಯಾರ ಮಾಡ್ತಾರ್ರಿ ಹಂಗ? ನಾವ ಮರಿಯೂದಿಲ್ರಿ."

ಸಮೃದ್ಧಿ ಅವಳ ಚೊಚ್ಚಲ ಮಗಳು. ಗುಂಡಿಗೆಯಲ್ಲಿ ತೂತು ಇಟ್ಟುಕೊಂಡು ಹುಟ್ಟಿದ ಕೂಸು. ಆಪರೇಷನ್ನಿಗೆ ಬೇಕಾದ ಒಂದು ಡಬ್ಬಿ ಹೊರದೇಶದಿಂದ ಬರಲಿಲ್ಲವೆಂದು ಕಾದು ಕಾದು ಸತ್ತಿತು. ಕೇತಕಿ ಹಾಗೆ ನಂಬಿದ್ದಳು, ಅವಳ ಗಂಡ ಹಾಗೆ ನಂಬಿದ್ದ, ಆಪರೇಷನ್ ಮಾಡಬೇಕಿದ್ದ ಡಾಕ್ಟರೂ ಹಾಗೇ ನಂಬಿದ್ದ. ಆದರೆ ಅಂಥ ಒಂದು ಡಬ್ಬಿ ಅಷ್ಟೂ ದಿನ ಬಸಲಿಂಗಪ್ಪನ ಕಪಾಟಿನಲ್ಲೇ ಇತ್ತು.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಕೆಲಸವೇ ಇರುತ್ತಿರಲಿಲ್ಲ, ಬೈದು ಸುಮ್ಮನಾಗಬಹುದಿತ್ತು. ಅವನು ಖಾನಾಪುರ ತಾಲೂಕಿನ ನಂದಗಡದಲ್ಲಿ ಕಿರಾಣಿ ಅಂಗಡಿಯ ದುಡ್ಡಿನ ಗಲ್ಲೆಯ ಬಾಜು ಬೆಳೆದವನು. ಅವನಪ್ಪ ಬಂಡೆಪ್ಪ ಯಾವ ಚೀಲವನ್ನೂ ತಳ ಕಾಣುವವರೆಗೆ ಮಾರಿದವನಲ್ಲ. ಅಕ್ಕಿಯಿರಲಿ, ಬೆಲ್ಲವಿರಲಿ, ಚಿಮಣಿ ಎಣ್ಣೆಯೇ ಇರಲಿ, ಕೊನೆಯದೊಂದು ಅಳತೆ ಉಳಿದ ಕೂಡಲೇ "ಇಲ್ರೆಪಾ, ಮುಗೀತು" ಎಂದುಬಿಡುತ್ತಿದ್ದ. ಸುಳ್ಳೆಂದು ಊರಿಗೆಲ್ಲ ಗೊತ್ತು. ಗರಜಿದ್ದವರು ಎದ್ದು ಹೋಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಮಳೆಯ ಮಾತು ಆಡಿ, ಎಲೆ ಅಡಿಕೆ ಹಾಕಿ, "ಬಂಡೆಪ್ಪಣ್ಣಾ, ಇನ್ನೊಮ್ಮೆ ಒಳಗ ನೋಡಿ ಬಾರಪಾ, ಮನ್ಯಾಗ ಬಾಣಂತಿ ಅದಾಳ" ಎನ್ನುತ್ತಿದ್ದರು. ಬಂಡೆಪ್ಪ ಗೊಣಗುತ್ತ ಒಳಗೆ ಹೋಗಿ ತಂದು ಕೊಡುತ್ತಿದ್ದ. ಖರೇ ಬೇಕಾದವನು ಎರಡನೇ ಸಲ ಕೇಳಿಯೇ ಕೇಳುತ್ತಾನೆ ಎಂಬುದು ಅವನ ಲೆಕ್ಕ. ಅದರಿಂದ ನಂದಗಡದಲ್ಲಿ ಯಾರ ಮನೆಯ ಬಾಣಂತಿಯೂ ಬೆಲ್ಲವಿಲ್ಲದೆ ಉಳಿಯಲಿಲ್ಲ ಅನ್ನಿ.

ಬಸಲಿಂಗಪ್ಪ ಆ ರೂಢಿಯನ್ನು ಹಾಗೆಯೇ ಆಸ್ಪತ್ರೆಗೆ ತಂದ. ಯಾವ ಸಾಮಾನಾದರೂ ಕೊನೆಯದೊಂದು ಉಳಿಯಿತೆಂದರೆ ಒಳಗಿನ ಕಬ್ಬಿಣದ ಕಪಾಟಿಗೆ ಸೇರಿಸಿ, ಕೇಳಿದವರಿಗೆ "ಇಲ್ರಿ" ಎನ್ನುತ್ತಿದ್ದ. ಮೊದಲ ವರ್ಷ ಜಗಳವಾಯಿತು. ಆಮೇಲೆ ಅದೇ ಕಪಾಟು ಎಷ್ಟೋ ಜೀವ ಉಳಿಸಿತು. ಕೊರೋನಾದ ಕಾಲದಲ್ಲಿ ಊರಿಗೆ ಊರೇ ಸಾಮಾನಿಗಾಗಿ ಬಾಯಿ ಬಿಡುತ್ತಿದ್ದಾಗ ಬಸಲಿಂಗಪ್ಪನ ಕಪಾಟಿನಿಂದ ಒಂದೊಂದೇ ಹೊರಗೆ ಬಂದವು. ಹೃದಯದ ಹಳೇ ಸರ್ಜನ್ ದಿಗಂಬರ ಸಾಹೇಬರಿಗಂತೂ ಈ ಆಟ ಬಾಯಿಪಾಠವಾಗಿತ್ತು. ಫೋನಿನಲ್ಲಿ "ಇಲ್ರಿ ಸರ್" ಎಂದ ಕೂಡಲೇ ಅವರು ಎರಡು ಕಪ್ಪು ಚಹಾ ಹಿಡಿದು ತಾವೇ ಮೆಟ್ಟಿಲಿಳಿದು ಬರುತ್ತಿದ್ದರು. "ಚಾ ಕುಡಿ ಬಸಲಿಂಗಪ್ಪ. ಹಾಂ, ಈಗ ಹೇಳು. ಐತೋ, ಇಲ್ಲೋ?" ಬಸಲಿಂಗಪ್ಪ ನಕ್ಕು ಕೀಲಿ ತೆಗೆಯುತ್ತಿದ್ದ.

ದಿಗಂಬರ ಸಾಹೇಬರು ನಿವೃತ್ತರಾಗಿ ಅನಿಕೇತ ಡಾಕ್ಟರು ಬಂದರು. ಪುಣೆಯಲ್ಲಿ ಓದಿದ ಹುಡುಗ, ಕೈಗುಣ ಚೆನ್ನಾಗಿತ್ತು, ಆಯಾಗಳಿಗೂ ರೀ ಹಚ್ಚಿ ಮಾತಾಡುವವನು. ಯಾರ ಮಾತನ್ನೂ ಅನುಮಾನಿಸುವ ಸ್ವಭಾವವಲ್ಲ. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಒಳ್ಳೆಯ ಮನುಷ್ಯ, ಅಲ್ಲೇ ಎಡವಟ್ಟಾಯಿತು.

ಆ ಡಬ್ಬಿಯ ಬಗ್ಗೆ ಎರಡು ಮಾತು ಹೇಳಬೇಕು. ಎದೆ ತೆರೆದು ಆಪರೇಷನ್ ಮಾಡುವಾಗ ಗುಂಡಿಗೆಯನ್ನು ನಿಲ್ಲಿಸುತ್ತಾರೆ. ಅಷ್ಟು ಹೊತ್ತು ರಕ್ತ ಒಂದು ಮಷೀನಿನಲ್ಲಿ ಸುತ್ತುತ್ತದೆ. ಆ ಮಷೀನಿಗೆ ಜೋಡಿಸುವ ಪ್ಲಾಸ್ಟಿಕ್ ಡಬ್ಬಿಯೊಳಗೆ ರಕ್ತಕ್ಕೆ ಪ್ರಾಣವಾಯು ಸೇರುತ್ತದೆ. ಕೆಲಸಗಾರರೆಲ್ಲ ಅದನ್ನು ಪುಪ್ಪಸದ ಡಬ್ಬಿ ಎನ್ನುತ್ತಿದ್ದರು. ಒಬ್ಬರಿಗೆ ಒಂದು, ಆಮೇಲೆ ಎಸೆಯುವುದು. ಹಸುಗೂಸಿನದು ಅಂಗೈಯಷ್ಟೇ ಇರುತ್ತದೆ, ಆ ಅಳತೆಯದು ಆ ಆಸ್ಪತ್ರೆಗೆ ಸಮುದ್ರದಾಚೆಯಿಂದಲೇ ಬರಬೇಕು.

ಆ ವರ್ಷ ಬರುವುದು ನಿಂತಿತು. ಹುಬ್ಬಳ್ಳಿಯಿಂದ ಸಾಮಾನು ಕಳಿಸುವ ಏಜೆಂಟ್ ಮೈಲಾರಲಿಂಗ ಫೋನಿನಲ್ಲಿ ಅಳುವವನ ದನಿ ಮಾಡಿದ.

"ಕಾಕಾ, ಆ ದೇಶದವರು ಸುಂಕದ ಜಗಳಾ ತಗದಾರ. ಇಲ್ಲೆ ನಮ್ಮವರು ಹೊರಗಿನ ಮಾಲಿಗೆ ಹೊಸಾ ಸರ್ಟಿಫಿಕೇಟ್ ತಾ ಅನ್ನಾಕತ್ತಾರ. ನಡುವ ಕೆಂಪು ಸಮುದ್ರದಾಗ ಗದ್ದಲಾ, ಹಡಗ ಆಫ್ರಿಕಾ ಸುತ್ತ ಹಾಕಿ ಬರಾಕತ್ತೈತಿ. ಮುಂಬೈಗೆ ಬಂದಿದ್ದ ಮಾಲೂ ಬಂದರದಾಗ ನಿಂತೈತಿ. ನಾ ಏನ ಮಾಡ್ಲಿ ಹೇಳ್ರಿ?"

ಪೇಪರಿನಲ್ಲಿ ತೀರಿಕೊಂಡವರ ಫೋಟೋ ಬಿಟ್ಟು ಬೇರೇನೂ ನೋಡದ ಬಸಲಿಂಗಪ್ಪ ವಿದೇಶದ ಪುಟ ಓದಲು ಶುರು ಮಾಡಿದ. ಯಾರೋ ದೊಡ್ಡವರು ಎಲ್ಲೋ ಕೂತು ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ, ಇನ್ಯಾರೋ ಅದಕ್ಕೆ ಸೇಡಿನ ಸಹಿ ಹಾಕುತ್ತಾರೆ, ಇಲ್ಲಿ ಖಾನಾಪುರದಂಥ ಊರಿನ ಕೂಸಿನ ಎದೆ ಹೊಲಿಯುವುದು ನಿಲ್ಲುತ್ತದೆ. ಆ ಸಹಿ ಹಾಕಿದವರಿಗೆ ಖಾನಾಪುರ ಯಾವ ದಿಕ್ಕಿಗಿದೆ ಎಂದೂ ಗೊತ್ತಿಲ್ಲ. ಬಸಲಿಂಗಪ್ಪನಿಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ತನ್ನ ಕಪಾಟನ್ನು ಇನ್ನಷ್ಟು ಬಿಗಿ ಮಾಡಿದ. ಚಿಕ್ಕ ಅಳತೆಯ ಡಬ್ಬಿಗಳು ಒಂದೊಂದಾಗಿ ಹೋಗಿ ಕೊನೆಯದು ಉಳಿದಾಗ ಅದನ್ನು ಒಳಗಿಟ್ಟು ಕೀಲಿ ಹಾಕಿದ.

ಸಮೃದ್ಧಿಯ ಆಪರೇಷನ್ ನಿಗದಿಯಾದದ್ದು ಅದರ ಮರುವಾರ. ಅನಿಕೇತ ಡಾಕ್ಟರು ಮೇಲಿನಿಂದ ಫೋನು ಮಾಡಿದರು.

"ಬಸಲಿಂಗಪ್ಪನವರ, ಸಣ್ಣ ಅಳತೀದು ಒಂದಾದ್ರೂ ಐತೇನ್ರಿ?"

"ಇಲ್ರಿ ಸರ್. ಮುಗದಾವ."

"ಸರಿ ಬಿಡ್ರಿ. ಔಷಧದ ಮ್ಯಾಲ ಕೂಸು ಸ್ವಲ್ಪ ದಿನ ತಡೀಬಹುದು. ಮಾಲು ಬಂದ ಕೂಡ್ಲೇ ಹೇಳ್ರಿ."

ಬಸಲಿಂಗಪ್ಪ ರಿಸೀವರ್ ಇಟ್ಟು ಮೆಟ್ಟಿಲಿನ ಕಡೆ ನೋಡಿದ. ಡಾಕ್ಟರು ಇಳಿದು ಬರುತ್ತಾರೆ, ಇನ್ನೊಮ್ಮೆ ಕೇಳುತ್ತಾರೆ, ಆಗ ನೋಡೋಣ ಎಂದುಕೊಂಡ. ಡಾಕ್ಟರು ಇಳಿದು ಬರಲಿಲ್ಲ. ಅಂದೂ ಬರಲಿಲ್ಲ, ಮರುದಿನವೂ ಬರಲಿಲ್ಲ. ತಡೆಯಬಹುದು ಎಂದು ಅವರೇ ಹೇಳಿದ್ದಾರಲ್ಲ ಎಂದು ಬಸಲಿಂಗಪ್ಪನೂ ಸಮಾಧಾನ ಮಾಡಿಕೊಂಡ. ನಾಳೆ ಹುಟ್ಟಿದ ಕೂಡಲೇ ನೀಲಿಗಟ್ಟುವ ಕೂಸೊಂದು ಬಂದರೆ, ಅದಕ್ಕೆ ತಡೆಯುವ ಮಾತೇ ಇರುವುದಿಲ್ಲ, ಆಗ ಕಪಾಟು ಬರಿದಾಗಿದ್ದರೆ ಏನು ಗತಿ? ಲೆಕ್ಕ ತಪ್ಪೇನೂ ಇರಲಿಲ್ಲ. ಅದೇ ಲೆಕ್ಕ ಮುಂದೆ ಅವನ ಎದೆಯ ಮೇಲೆ ಕೂತಿತು.

ಕೊಡದೆ ಸುಮ್ಮನೆ ಕೂತನೆಂದೂ ಅಲ್ಲ. ಪುಣೆ, ಮುಂಬೈ, ಗೋವಾ, ಹುಬ್ಬಳ್ಳಿ, ಕೊಲ್ಲಾಪುರ, ಗುರುತಿದ್ದ ಸ್ಟೋರಿಗೆಲ್ಲ ಫೋನು ಹಚ್ಚಿದ. ಗುರುತಿಲ್ಲದವರ ಕೈಕಾಲೂ ಹಿಡಿದ. ಅವನ ಈ ಒದ್ದಾಟ ನೋಡಿದ ನರ್ಸುಗಳು ವಾರ್ಡಿನಲ್ಲಿ ಕೇತಕಿಗೆ ಹೇಳಿದರು. ಅವಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗೆ ಬಂದು ಕಿಂಡಿಯ ಮುಂದೆ ನಿಂತಳು. ಕೂಸು ಮುಸ್ ಮುಸ್ ಎಂದು ಉಸಿರಾಡುತ್ತಿತ್ತು. ಹಣೆಯ ಮೇಲೆ ಬೆವರು, ಉಗುರಿನ ತುದಿಯಲ್ಲಿ ನೇರಳೆ ಬಣ್ಣ. ಆದರೂ ಕಿಂಡಿಯ ಸರಳು ಕಂಡದ್ದೇ ಕೈ ಚಾಚಿ ಹಿಡಿದುಕೊಂಡು ನಕ್ಕಿತು.

"ದಾದಾ, ಬರತೈತೇನ್ರಿ?"

"ಬರತೈತಿ ತಂಗಿ. ಹಡಗದಾಗ ಐತಿ. ಇವತ್ತ ನಾಳಿ ಬಂದಬಿಡತೈತಿ."

ಹಡಗಿನಲ್ಲಿ ಇದ್ದದ್ದೂ ಖರೇ. ಅವನ ಬೆನ್ನಿನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇನ್ನೊಂದು ಇದ್ದದ್ದೂ ಖರೇ. ಕೂಸು ಸರಳು ಬಿಡಲೊಲ್ಲದು. ಕೇತಕಿ ಒಂದೊಂದೇ ಬೆರಳು ಬಿಡಿಸಿಕೊಂಡು ಹೋದಳು. ಇನ್ನೊಂದು ಮಾತು ಕೇಳಿದ್ದರೆ, ಒಳಗೆ ನೋಡಿ ಬರ್ರಿ ಎಂದಿದ್ದರೆ, ಅವನು ಕೊಟ್ಟೇ ಬಿಡುತ್ತಿದ್ದ. ಹಾಗೆಂದು ಅವನು ಆಮೇಲೆ ತನಗೇ ಹೇಳಿಕೊಂಡ. ಇರಬಹುದು. ಕೇಳಬೇಕೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಮಾಲು ಬರುವವರೆಗೆ ಮನೆಯಲ್ಲೇ ಇರಲಿ ಎಂದು ಖಾನಾಪುರಕ್ಕೆ ಕಳಿಸಿದರು. ಶ್ರಾವಣದ ಜಿಟಿಜಿಟಿ ಮಳೆ, ಕೂಸಿಗೆ ಕೆಮ್ಮು ಹತ್ತಿತು. ಬೆಳಗಾವಿಯ ದಾರಿ ಹಿಡಿದ ಟೆಂಪೋದಲ್ಲಿಯೇ ಹೋಗಿಬಿಟ್ಟಿತು.

ಅದರ ಅಪ್ಪ ಬಾಳೇಶ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವವನು. ಆಸ್ಪತ್ರೆಯ ಕಾಗದಪತ್ರ ಒಯ್ಯಲು ಒಬ್ಬನೇ ಬಂದು, ಸ್ಟೋರಿನ ಮುಂದಿನ ಬೆಂಚಿನ ಮೇಲೆ ಕುಸಿದು ಕೂತ. "ಯಾರದ ತಪ್ಪ ಅಂತರೆ ಹೇಳ್ರಿ ಸಾಹೇಬ್ರ. ನನಗ ತಿಳೀವಲ್ದು" ಎಂದ. ಖರೇ ಮಾತು ಬಸಲಿಂಗಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಒಳಗಿನಿಂದ ಪೇಪರು ತಂದು ವಿದೇಶದ ಪುಟ ಬಿಚ್ಚಿ, ಸುಂಕ, ಸರ್ಟಿಫಿಕೇಟು, ಕೆಂಪು ಸಮುದ್ರ, ಬಂದರು, ಹಡಗು ಎಂದು ಬಿಡಿಸಿ ಬಿಡಿಸಿ ಹೇಳಿದ. ಬಾಳೇಶ ಮಗುವಿನ ಹಾಗೆ ಕೇಳಿಸಿಕೊಂಡ. ಏಳುವಾಗ ಆ ಪೇಪರು ಬೇಡಿಕೊಂಡು, ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದ.

ಅದಾಗಿ ಸ್ವಲ್ಪ ದಿನಕ್ಕೆ ವಡಗಾವಿಯ ನೇಕಾರ ಭರಮಪ್ಪನ ಸೊಸೆಗೆ ಹುಟ್ಟಿದ ಗಂಡುಕೂಸು ಬಂತು. ರಕ್ತದ ಕೊಳವೆಗಳು ಅದಲುಬದಲಾಗಿ ಮೈಯೆಲ್ಲ ನೀಲಿ. ಹೊರದೇಶದ ಮಾಲು ಇನ್ನೂ ಬಂದಿರಲಿಲ್ಲ. ಈ ಸಲ ಬಸಲಿಂಗಪ್ಪ ಫೋನಿನ ದಾರಿ ಕಾಯಲಿಲ್ಲ. ಸುದ್ದಿ ಕಿವಿಗೆ ಬಿದ್ದದ್ದೇ ಕಪಾಟು ತೆಗೆದು, ಡಬ್ಬಿ ಎದೆಗವಚಿಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. "ಎಲ್ಲಿಂದ ಬಂತ್ರಿ ಇದು?" ಎಂದು ಅನಿಕೇತ ಡಾಕ್ಟರು ಬೆರಗಾಗಿ ಕೇಳಿದರೆ, "ಗೋವಾದಿಂದ ತರಿಸಿದೆ ಸರ್" ಎಂದ. ಸುಳ್ಳು ಅಷ್ಟು ಸಲೀಸಾಗಿ ಬಂತು.

ಆ ಕೂಸು ಬದುಕಿತು. ಗೌರವ ಎಂದು ಹೆಸರಿಟ್ಟರು. ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಬಸಲಿಂಗಪ್ಪನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದು ಗೋಡೆಗೆ ಹಾಕಿದರು. ಭರಮಪ್ಪ ತಾನೇ ನೇಯ್ದ ಸೀರೆಯನ್ನು ಬಸಲಿಂಗಪ್ಪನ ಹೆಂಡತಿ ನಾಗರತ್ನಾಳಿಗೆ ತಂದುಕೊಟ್ಟ. ಅವಳು ಲಗ್ನಕ್ಕೆ ಮುಂಜಿಗೆ ಅದನ್ನೇ ಉಟ್ಟು ಹೊರಡುವಳು. ಬಸಲಿಂಗಪ್ಪ ಮುಖ ತಿರುಗಿಸಿ ಚಪ್ಪಲಿ ಹುಡುಕುವನು.

ಆಗಿನಿಂದ ಅವನ ಬೆನ್ನು ಹತ್ತಿತು ಸಮೃದ್ಧಿಯ ಆ ಉಸಿರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸ್ಟೋರು ಖಾಲಿ ಇರುವಾಗ ಔಷಧದ ಫ್ರಿಜ್ಜು ಗುಂಯ್‌ಗುಡುವುದು ನಿಂತರೆ ಸಾಕು, ಮುಸ್ ಮುಸ್ ಎಂದು ಕೇಳುತ್ತಿತ್ತು. ಎದ್ದು ಕಿಂಡಿಯ ತನಕ ಹೋಗಿ ನೋಡುವನು, ಯಾರೂ ಇರುತ್ತಿರಲಿಲ್ಲ. ಕಿಂಡಿಯ ಕೆಳಗಿನ ಸರಳನ್ನು ಮುಟ್ಟಲು ಅವನಿಗೆ ಆಗುತ್ತಿರಲಿಲ್ಲ. ಕಪಾಟಿನಲ್ಲಿ ಆ ಡಬ್ಬಿ ಇದ್ದ ಜಾಗದಲ್ಲಿ ಬೇರೆ ಸಾಮಾನು ಇಟ್ಟರೆ ಮರುದಿನ ತಾನೇ ತೆಗೆದು ಬೇರೆ ಕಡೆ ಇಡುತ್ತಿದ್ದ. ಮನೆಯಲ್ಲಿ ನಾಗರತ್ನಾ ರೊಟ್ಟಿ ತಟ್ಟುತ್ತ "ಜ್ವಾಳದ ಹಿಟ್ಟ ಇಲ್ರಿ" ಎಂದರೆ ಊಟ ಬಿಟ್ಟು ಎದ್ದು, ಚೀಲ ಹಿಡಿದು ಗಿರಣಿಗೆ ಓಡುತ್ತಿದ್ದ. ರಿಟಾಯರ್ ಆಗುವ ಚಿಂತೆ ಹತ್ತಿದೆ ಎಂದು ಅವಳು ಅಂದುಕೊಂಡಳು. ಅವಳಿಗೂ ಅವನು ಬಾಯಿ ಬಿಡಲಿಲ್ಲ.

ಸ್ಟೋರಿನಲ್ಲಂತೂ ಆಳೇ ಬದಲಾದ. ಇಲ್ಲ ಎಂಬ ಮಾತೇ ನಾಲಿಗೆಗೆ ಬರದಾಯಿತು. ಕೇಳಿದವರಿಗೆಲ್ಲ ಕೊಟ್ಟ, ಕೇಳದವರಿಗೂ ಒಯ್ದು ಕೊಟ್ಟ. ಒಂದು ಸಲ ಹೊಲಿಗೆಯ ದಾರವೇ ಪೂರ್ತಿ ಮುಗಿದು ಆಪರೇಷನ್ ಥಿಯೇಟರಿನಲ್ಲಿ ಬಾಯಿ ಬಾಯಿ ಬಡಿದುಕೊಂಡರು. "ಬಸಲಿಂಗಪ್ಪನ ಕಪಾಟ ಖಾಲಿ ಅಂದ್ರ ಏನ್ರಿ ಇದು?" ಎಂದು ಮ್ಯಾನೇಜರು ಬೈದರು. ಬೈಸಿಕೊಂಡಾಗ ಅವನಿಗೆ ಸ್ವಲ್ಪ ಹಿತವಾಯಿತು.

ಇದರ ನಡುವೆ ಕೇತಕಿಯ ಚೀಲಗಳು. ಅವಳು ಮೊದಲ ಸಲ ಬಂದು ಅವನ ಕಾಲಿಗೆ ಬಿದ್ದಾಗ ಅವನು ಕಾಲು ಎಳೆದುಕೊಂಡು ಸ್ಟೋರಿನ ಒಳಗೆ ಓಡಿದ. ಎರಡನೇ ಸಲದಿಂದ ಸಂಡಾಸಿನ ಚಿಲಕ. ಅವಲಕ್ಕಿಯನ್ನು ಅವನು ಮನೆಗೆ ಒಯ್ಯದೆ ಸಾತಪ್ಪನಿಗೆ ಕೊಟ್ಟುಬಿಡುತ್ತಿದ್ದ.

ಆದರೆ ಹೋದ ಚಳಿಗಾಲದಲ್ಲಿ ಬಂದವಳು ಹೋಗದೆ ಕಾದು ಕೂತಳು. ಬಸಲಿಂಗಪ್ಪ ಚಿಲಕ ತೆಗೆದು ಹೊರಗೆ ಬಂದರೆ ಬಾಗಿಲ ಎದುರಿಗೇ ನಿಂತಿದ್ದಾಳೆ. ಸೊಂಟದ ಮೇಲೆ ಸಮೃದ್ಧಿಯ ಬೆನ್ನಿಗೆ ಹುಟ್ಟಿದ ದುಂಡಗಿನ ಗಂಡುಕೂಸು.

"ದಾದಾ, ಹೊಟ್ಟಿ ಸರಿ ಇಲ್ಲೇನ್ರಿ? ನಾ ಬಂದಾಗೊಮ್ಮೆ ಇಲ್ಲೇ ಇರತೀರಿ. ಮುರುಗಲ ಸಾರ ಮಾಡಿಸಿ ಕುಡೀರಿ, ಛಲೋ ಆಗತೈತಿ."

ಅವನು ಒದ್ದೆ ಕೈಯನ್ನು ಇಸ್ತ್ರಿಯ ಅಂಗಿಗೆ ಒರೆಸಿಕೊಂಡ.

"ಇವನ ಜಾವಳಾ ಇಟ್ಕೊಂಡೇವ್ರಿ, ಬರೂ ರವಿವಾರ. ಇವನ ಎದಿ ತೋರಿಸೀವಿ, ಏನೂ ತ್ರಾಸ ಇಲ್ಲ ಅಂದಾರ. ದಾದಾ, ಮಾಮಾನ ತೊಡಿ ಮ್ಯಾಲ ಕುಂದರಿಸಿ ಮೊದಲ ಕೂದಲಾ ತಗೀಬೇಕ್ರಿ. ನನಗ ಅಣ್ಣ ಇಲ್ಲ, ತಮ್ಮ ಇಲ್ಲ. ಮನ್ಯಾಗ ಎಲ್ಲಾರೂ ನಿಮ್ಮ ಹೆಸರ ಹೇಳ್ಯಾರ. ನೀವs ಬರಬೇಕು."

ಒಲ್ಲೆ ಎನ್ನಲು ಒಂದು ನೆಪವೂ ಸಿಗಲಿಲ್ಲ. ನಾಗರತ್ನಾ ಸುದ್ದಿ ತಿಳಿದು ಹಿಗ್ಗಿ ಹೀರೇಕಾಯಿಯಾದಳು. ಕೂಸಿಗೆ ಬೆಳ್ಳಿಯ ಕಡಗ, ಅಂಗಿ ಟೊಪ್ಪಿಗೆ, ಕೇತಕಿಗೆ ಖಣ, ಡಬ್ಬಿ ತುಂಬ ಕುಂದಾ, ಎಲ್ಲ ಕಟ್ಟಿಕೊಟ್ಟಳು. ತನಗೆ ಮೊಣಕಾಲು ನೋವು, ನೀವು ಹೋಗಿ ಬರ್ರಿ ಎಂದಳು. ಬಸಲಿಂಗಪ್ಪ ಆ ವಾರವೆಲ್ಲ ಒಂದೇ ಮಾತನ್ನು ಒಳಗೊಳಗೇ ಹೊರಳಿಸಿದ. ಹೇಳದೆ ಆ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವುದು ಸಾಧ್ಯವಿಲ್ಲ. ಹೇಳಿದರೆ ಕೂಡಿಸಿಕೊಳ್ಳಲು ಅವಳು ಬಿಡುವುದಿಲ್ಲ. ಬಿಡದಿರಲಿ, ಉಗುಳಲಿ, ಚಪ್ಪಲಿ ತಗೊಳ್ಳಲಿ. ಈ ಉಸಿರು ಒಂದು ನಿಲ್ಲಲಿ ಎಂದು ಬಸ್ಸು ಹತ್ತಿದ.

ಖಾನಾಪುರದಲ್ಲಿ ಬಾಳೇಶನ ಮನೆ ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಮಂದಿ ಬಹಳ ಇರಲಿಲ್ಲ, ಮನೆಯವರು, ಅಣ್ಣತಮ್ಮಂದಿರ ಪೈಕಿಯ ನಾಲ್ಕು ಮಂದಿ. ಬಾಳೇಶ ಓಡಿ ಬಂದು ಚೀಲ ಇಸಿದುಕೊಂಡ. ಅವನ ತಾಯಿ, ಬಾಗಿದ ಮುದುಕಿ, ಕನ್ನಡ ಮರಾಠಿ ಕಲಸಿ ಹರಸಿದಳು. "ನೀವ ಸಿಗಲಿಲ್ಲಂದ್ರ ನಮ್ಮ ಸೊಸಿ ಹುಚ್ಚಿ ಆಗತಿದ್ಲು ಬಾಬಾ" ಎಂದಳು. ಹಜಾಮ ಇನ್ನೂ ಬಂದಿರಲಿಲ್ಲ. ಬಸಲಿಂಗಪ್ಪ ಕೈಕಾಲು ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದ. ಕೇತಕಿ ತಂಬಿಗೆ ಹಿಡಿದು ಹಿಂದೆಯೇ ಬಂದಳು.

ಅಲ್ಲಿ, ಒಡೆದ ಹಂಚುಗಳ ರಾಶಿಯ ಬಾಜು ನಿಂತು ಅವನು ಹೇಳಿದ. ಬಿಕ್ಕಲಿಲ್ಲ, ಬಳಸಲಿಲ್ಲ.

"ಕೇತಕಿ, ಹಡಗದ ಮಾತು ಖರೇ. ಆದ್ರ ನನ್ನ ಕಪಾಟನ್ಯಾಗ ಒಂದಿತ್ತು. ನೀ ಕೂಸಿನ್ನ ಎತ್ಕೊಂಡ ಕಿಂಡಿ ಮುಂದ ನಿಂತಾಗೂ ಇತ್ತು. ನಾ ಕೊಡಲಿಲ್ಲ. ಡಾಕ್ಟರಿಗೂ ಇಲ್ಲ ಅಂದೆ."

ತಂಬಿಗೆಯ ನೀರು ಅವನ ಕಾಲ ಮೇಲೆ ಬೀಳುತ್ತಲೇ ಇತ್ತು. ಅವಳು ಸುರಿಯುವುದನ್ನು ನಿಲ್ಲಿಸಲು ಮರೆತಿದ್ದಳು.

"ಯಾಕ್ರಿ?"

"ಕಡೀದು ಕೊಡಬಾರದು ಅಂತ. ಯಾರರೆ ಇನ್ನೊಮ್ಮೆ ಕೇಳಿದ್ರ ಕೊಡೂಣು ಅಂತ ಕುಂತಿದ್ದೆ. ಯಾರೂ ಕೇಳಲಿಲ್ಲ."

"ಅದು ಈಗ ಎಲ್ಲೈತಿ?"

"ವಡಗಾವಿ ಒಂದು ಕೂಸಿಗೆ ಕೊಟ್ಟೆ. ಸಮೃದ್ಧಿ ಹೋದ ಮ್ಯಾಲ."

"ಆ ಕೂಸು ಬದುಕೈತೇನ್ರಿ?"

"ಅದಾನ. ಆಡ್ಕೊಂಡ ಅದಾನ."

ಕೇತಕಿ ಹಂಚಿನ ರಾಶಿಯ ಮೇಲೆ ಕೂತಳು. ಬಸಲಿಂಗಪ್ಪ ತಲೆ ತಗ್ಗಿಸಿ ನಿಂತ. ಅವಳು ಬೈದರೆ ತಾನು ಬದುಕಿಕೊಂಡೆ ಎಂದು ಅವನಿಗೆ ಅನಿಸುತ್ತಿತ್ತು, ಸಣ್ಣ ಹುಡುಗನ ಹಾಗೆ ಏಟಿನ ದಾರಿ ಕಾಯುತ್ತಿದ್ದ. ಒಳಗಿನಿಂದ ಒಗ್ಗರಣೆಯ ವಾಸನೆ, ಯಾರೋ ಕೂಸನ್ನು ನಗಿಸುತ್ತಿದ್ದ ಸದ್ದು. ಅವಳು ಕಾಲ ಬುಡದ ಹಂಚಿನ ಚೂರೊಂದನ್ನು ಎತ್ತಿ ರಾಶಿಗೆ ಸೇರಿಸಿ ಮಾತಾಡಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು.

"ನೀವು ಹೇಳಿ ಹಗುರ ಆದ್ರಿ. ನಾ ಇದನ್ನ ಯಾರ ಮುಂದ ಹೇಳ್ಲಿ?"

ಅವನು ತಲೆ ಎತ್ತಿದ.

"ಕೂಸು ಹೋದಾಗ ಇವರು ನನ್ನ ಮಾರಿ ನೋಡತಿದ್ದಿಲ್ರಿ. ದವಾಖಾನಿಂದ ಯಾಕ ಕರಕೊಂಡ ಬಂದಿ, ಅಲ್ಲೇ ಯಾಕ ಹಟಾ ಹಿಡದ ಕುಂದರಲಿಲ್ಲ, ಇನ್ನೊಮ್ಮೆ ಯಾಕ ಕೇಳಲಿಲ್ಲ ಅಂತ ದಿನಾ ಒಂದs ಮಾತು. ಅತ್ತಿ ನನ್ನ ತವರಿಗೆ ಕಳಸೂ ಮಾತ ಆಡಿದ್ರು. ನೀವು ಆ ಪೇಪರ ಕೊಟ್ಟ ಮ್ಯಾಲ ಎಲ್ಲಾ ತಣ್ಣಗಾತು. ಇವರು ಮಂದಿ ಮುಂದ ಓದಿ ಓದಿ ಹೇಳಿದ್ರು. ನಂದೇನೂ ತಪ್ಪಿಲ್ಲ, ಹಡಗ ಬರಲಿಲ್ಲ ಅಂತ. ಆ ಹಡಗದ ಮ್ಯಾಲ ಈ ಮನಿ ನಿಂತೈತ್ರಿ. ಈಗ ಇದನ್ನ ಹೇಳಿದ್ರ, ಕೇಳಿದ್ರ ಕೊಡತಿದ್ರು ಅಂತ ಹೇಳಿದ್ರ..."

ಅವಳು ಖಾಲಿ ತಂಬಿಗೆಯನ್ನು ನೆಲಕ್ಕಿಟ್ಟಳು. ಮುಂದಿನದನ್ನು ಹೇಳುವ ಕೆಲಸವೂ ಇರಲಿಲ್ಲ. ಹಗುರವಾಗಲು ಬಂದವನಿಗೆ ತಾನು ಏನು ಮಾಡಿದೆ ಎಂದು ಆಗ ತಿಳಿಯಿತು. ಕ್ಷಮಿಸು ಎನ್ನಲೂ ಅವನಿಗೆ ಮುಖವಿರಲಿಲ್ಲ.

"ಹಜಾಮ ಬಂದಾನ, ಬರ್ರಿ!" ಎಂದು ಬಾಳೇಶ ಒಳಗಿನಿಂದ ಕೂಗಿದ.

ಕೇತಕಿ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಡೀರಿ."

"ನಾ ಹೆಂಗ ಕುಂದರ್ಲಿ ತಂಗಿ? ನಾ ಹೊಕ್ಕೀನಿ, ಏನರೆ ನೆವ ಹೇಳು."

"ಮಾಮಾ ಯಾಕ ಎದ್ದ ಹೋದ ಅಂತ ಕೇಳ್ತಾರ. ಏನ ಹೇಳ್ಲಿ? ನಡೀರಿ, ಕುಂದರ್ರಿ."

ಅಂಗಳದಲ್ಲಿ ಮಣೆ ಹಾಕಿದ್ದರು. ಬಸಲಿಂಗಪ್ಪ ಪೂರ್ವಕ್ಕೆ ಮುಖ ಮಾಡಿ ಕೂತ. ಕೇತಕಿ ಕೂಸನ್ನು ತಂದು ಅವನ ತೊಡೆಯ ಮೇಲೆ ಇಟ್ಟಳು, ಅವನ ಕೈಗೆ ತನ್ನ ಕೈ ತಾಗದ ಹಾಗೆ ಇಟ್ಟಳು. ಕೂಸು ಹೊಸಬನೆಂದು ಅಳಲಿಲ್ಲ. ಬೆನ್ನನ್ನು ಅವನ ಎದೆಗೆ ಆನಿಸಿ, ಕಡಗ ಬಾಯಿಗೆ ಹಾಕಿಕೊಂಡು ಕೂತಿತು. ಅದರ ಗುಂಡಿಗೆ ಲಯವಾಗಿ ಬಡಿಯುವುದು ಅವನ ಅಂಗೈಗೆ ತಿಳಿಯುತ್ತಿತ್ತು. ಹಜಾಮ ಅವನ ಕೈಗೆ ಕತ್ತರಿ ಕೊಟ್ಟು ಮೊದಲ ಕೂದಲು ತೆಗೆಯಲು ಹೇಳಿದ. ಕತ್ತರಿ ಕೂದಲಿನ ತನಕ ಹೋಗಿ ಎರಡು ಸಲ ಹಿಂದೆ ಬಂದದ್ದನ್ನು ಕಂಡು ಮುದುಕಿ, "ಪ್ರೀತಿ ಹಂಗs ಇರತೈತಿ" ಎಂದು ಕಣ್ಣು ಒರೆಸಿಕೊಂಡಳು. ಕತ್ತರಿಸಿದ ಕೂದಲು ನೆಲಕ್ಕೆ ಬೀಳಬಾರದೆಂದು ಕೇತಕಿ ಹಿತ್ತಾಳೆಯ ತಾಟು ಹಿಡಿದು ಎದುರಿಗೆ ಕೂತಿದ್ದಳು.

ಬಾಳೇಶ ಮಗನ ತಲೆ ಹಿಡಿದುಕೊಂಡು, ಬಂದವರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಮಾತು ತೆಗೆದ.

"ಇವರು ಮಾಡಬೇಕಾದ್ದ ಎಲ್ಲಾ ಮಾಡಿದ್ರು. ಆ ಹಡಗ ಒಂದ ಬಂದಿತ್ತಂದ್ರ ಇವತ್ತ ಇವನ ಅಕ್ಕನೂ ಇಲ್ಲೇ ಓಡ್ಯಾಡತಿದ್ಲು. ಹೌದಲ್ಲ ಕೇತಕಿ?"

ಬಸಲಿಂಗಪ್ಪ ಕೂಸನ್ನು ಹಿಡಿದ ಕೈ ಬಿಗಿ ಮಾಡಿದ. ಕೇತಕಿ ತಾಟಿನಿಂದ ಕಣ್ಣು ಎತ್ತಲಿಲ್ಲ.

"ಹೌದು," ಎಂದಳು. "ಹಡಗ ಬರಲೇ ಇಲ್ಲ."

ತಾಟನ್ನು ಇನ್ನಷ್ಟು ಮುಂದೆ ಹಿಡಿದಳು.